ಸಿದ್ಯಾನ ಕೋಟೆಗೆ ಬೆಂಕಿ ಬಿದ್ದ ಭಾನುವಾರ

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ, ಖಾನಾವಳಿಯ ಡಬ್ಬಿಯ ರೊಟ್ಟಿ ತಿಂದು, ಫ್ಯಾನಿನ ಕೆಳಗೆ ಕುಳಿತು, ಜೀವದ ಗೆಳೆಯನ ಕೋಟೆ ಸುಟ್ಟುಹೋಗುವುದನ್ನು ಕಣ್ಣಾರೆ ನೋಡಿದೆ. ಉಳಿಸಬಹುದಿತ್ತು. ದಂಡು ನನ್ನ ಕೈಯಲ್ಲೇ ಇತ್ತು. ಉಳಿಸಲಿಲ್ಲ.

ಗಾಬರಿಯಾಗಬೇಡಿ. ಕೋಟೆ ಇದ್ದದ್ದು ಕಂಪ್ಯೂಟರಿನೊಳಗೆ.

ನಲವತ್ತು ದಾಟಿದವನು ಕಂಪ್ಯೂಟರ್ ಗೇಮ್ ಆಡುತ್ತಾನಾ ಎಂದು ನೀವು ಹುಬ್ಬು ಏರಿಸುತ್ತೀರಿ, ಗೊತ್ತು. (ದಿನವಿಡೀ ರೀಲ್ಸ್ ತಳ್ಳುತ್ತ ಕೂರುವವರಿಗೆ ಹುಬ್ಬು ಏರಿಸುವ ಹಕ್ಕಿಲ್ಲ.) ಆಟ ಹೀಗಿದೆ. ಮಾಂತ್ರಿಕರು, ಕುಳ್ಳರು, ಬೆಂಕಿ ಉಗುಳುವ ಡ್ರ್ಯಾಗನ್‌ಗಳಿರುವ ಒಂದು ರಾಜ್ಯ. ಅಲ್ಲಿ ನೀವು ಕಟ್ಟಿಗೆ ಕಡಿಯಬೇಕು, ಚಿನ್ನ ಅಗೆಯಬೇಕು, ಕೋಟೆ ಕಟ್ಟಬೇಕು, ದಂಡು ಬೆಳೆಸಬೇಕು. ಇದು ಅರ್ಧ ಆಟ. ಇನ್ನರ್ಧ, ನಿಮಗೊಬ್ಬ ಹೀರೋ ಇರುತ್ತಾನೆ. ಅವನು ಬಡಿದಾಡಿದಷ್ಟೂ ಕಲಿಯುತ್ತಾನೆ, ಲೆವೆಲ್ ಏರುತ್ತಾನೆ, ದಾರಿಯಲ್ಲಿ ಸಿಕ್ಕ ಕತ್ತಿ, ಉಂಗುರ, ತಾಯತ ತೊಟ್ಟುಕೊಂಡು ಬಲಿಯುತ್ತಾನೆ. ಚದುರಂಗದ ಹಾಗೆ ನಿಮ್ಮದೊಂದು ನಡೆ, ಅವರದೊಂದು ನಡೆ ಅಂತಿಲ್ಲ. ನೀವು ಚಹಾಕ್ಕೆಂದು ಎದ್ದರೂ ಶತ್ರು ನಡೆದು ಬರುತ್ತಲೇ ಇರುತ್ತಾನೆ. ಥೇಟ್ ಮಾರ್ಕೆಟ್ಟು.

ಗೆಳೆಯನ ಹೆಸರು ಸಿದ್ದಲಿಂಗ. ನನಗೆ ಸಿದ್ಯಾ. ದೇವದುರ್ಗದಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದಾನೆ. ಇಬ್ಬರೂ ಈ ಆಟ ಕಲಿತದ್ದು ರಾಯಚೂರಿನ ಒಂದು ಇಂಟರ್‌ನೆಟ್ ಸೆಂಟರಿನಲ್ಲಿ, ಮೀಸೆ ಮೂಡುವ ಕಾಲಕ್ಕೆ, ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕುಳಿತು. ಆ ಸೆಂಟರ್ ಈಗ ಮೊಬೈಲ್ ಕವರ್ ಮಾರುವ ಅಂಗಡಿ. ನಾವು ಮಾತ್ರ ಬಿಟ್ಟಿರಲಿಲ್ಲ. ಭಾನುವಾರ ಮಧ್ಯಾಹ್ನ ಅವನು ಅಲ್ಲಿ, ನಾನು ಇಲ್ಲಿ, ಫೋನು ಸ್ಪೀಕರಿನಲ್ಲಿ. ಇಬ್ಬರೂ ಒಂದೇ ಪಕ್ಷ, ಶತ್ರು ಕಂಪ್ಯೂಟರ್. ಅವನು ಕಟ್ಟುವವನು, ನಾನು ಬಡಿದಾಡುವವನು.

ಈ ಬೇಸಿಗೆಯುದ್ದಕ್ಕೂ ಅವನು ಒಂದೇ ಕೋಟೆ ಕಟ್ಟಿದ. ನಮ್ಮ ರಾಯಚೂರು ಕೋಟೆಯ ಹಾಗೆ ಎರಡು ಸುತ್ತಿನ ಗೋಡೆ. ಒಂದು ಭಾನುವಾರ ಎಲ್ಲಿಗೆ ಸೇವ್ ಮಾಡಿ ನಿಲ್ಲಿಸಿದೆವೋ ಮುಂದಿನ ಭಾನುವಾರ ಅಲ್ಲಿಂದ ಶುರು.

"ಲೇ ಬಸ್ಯಾ, ಈ ಬುರ್ಜಿನ ಮ್ಯಾಲ ಒಬ್ಬ ಕುಳ್ಳನ್ನ ನಿಲ್ಲಸ್ಲೇನು?"

"ನಿಲ್ಸು. ನಿನ್ನಂಗ ಕಾಣ್ತಾನ."

"ನಿನ್ನ ಹೀರೋನ ಹೊಟ್ಟಿ ನೋಡ್ಕೋ ಮೊದ್ಲ. ದಂಡಿಗಿಂತ ಅದ ಮುಂದ ಹೊಂಟದ."

ಸಂಜೆಯ ತನಕ ಹೀಗೇ.

ವಾರವೆಲ್ಲ ನನ್ನದು ಬಾಯಿಯ ದಂಧೆ. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಕೊಡಿಸುವುದು, ಕೊಳ್ಳುವುದು. ಮಾನ್ವಿ, ಕವಿತಾಳ, ಹಿರೇಕೊಟ್ನೆಕಲ್, ಎಲ್ಲರ ಅಂಗಳದಲ್ಲೂ ಕುಳಿತಿದ್ದೇನೆ. ಅಪ್ಪ ಬಿಟ್ಟುಹೋದ ಆಸ್ತಿ ಇಲ್ಲ, ನಾಲಿಗೆಯೇ ಬಂಡವಾಳ. (ಕೊಳ್ಳುವವರಿಗೆ ಒಂದು ಮಾತು: ಬಣ್ಣ ನೋಡಬೇಡಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಮಾರುವವನು ಏನೋ ಮುಚ್ಚಿಡುತ್ತಿದ್ದಾನೆ.)

ಈ ದಂಧೆಯಲ್ಲಿ ನನ್ನ ದೊಡ್ಡ ವಿದ್ಯೆ ಎದ್ದು ಹೋಗುವುದು. ದರ ಕುದುರಲಿಲ್ಲವೇ? ಎದ್ದುಬಿಡಿ. ಪ್ಯಾಂಟಿನ ಧೂಳು ಕೊಡವಿ ಬೈಕಿನ ಕಡೆ ಹೊರಡಿ. ಹಿಂದೆ ತಿರುಗಬೇಡಿ. ಕಿಕ್ ಹೊಡೆಯುವುದರೊಳಗೆ "ಬರ್ರಿ, ಬರ್ರಿ, ಹಂಗ್ಯಾಕ ಹೊಂಟ್ರಿ" ಎಂಬ ಕೂಗು ಬಂದೇ ಬರುತ್ತದೆ. ಕರೆದವನು ಸೋತ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಹೋಗುವವನು ನಿಜವಾಗಿ ಹೋಗುವುದಿಲ್ಲ ಎಂದು ಕರೆಯುವವನಿಗೂ ಗೊತ್ತು. (ಹೆಣ್ಣು ನೋಡಲು ಕುರ್ಡಿಗೆ ಹೋದಾಗ, ಮದುವೆ ನಿಮ್ಮೂರಲ್ಲೋ ನಮ್ಮೂರಲ್ಲೋ ಎಂಬ ಮಾತಿಗೆ ನಾನು ಹೀಗೇ ಎದ್ದೆ. ಯಾರೂ ಕರೆಯಲಿಲ್ಲ. ಅದು ಬಿಡಿ.)

ಆ ಭಾನುವಾರ ಗುಡ್ಡದ ಹಿಂದಿನ ಡ್ರ್ಯಾಗನ್ ಸತ್ತಿತು. ಕೊಂದದ್ದು ನನ್ನ ದಂಡು. ಅದು ಸತ್ತ ಜಾಗದಲ್ಲಿ ಒಂದು ಉಂಗುರ ಬಿತ್ತು, ತೊಟ್ಟರೆ ಗಾಯ ತಾನೇ ಮಾಯುವಂಥದ್ದು. ನಾನು ಮೌಸ್ ಸರಿಸುವುದರೊಳಗೆ ಸಿದ್ಯಾನ ಹೀರೋ ಎತ್ತಿಕೊಂಡ.

"ಕೊಡಲೇ ಅದನ್ನ. ಬಡದಾಡಾವ ನಾನು."

"ನಿನ್ನ ಬೆಂಕಿ ಕತ್ತಿ ಕೊಡು, ಉಂಗ್ರ ತಗೋ."

"ಕತ್ತಿ ನಿನಗ ಕೊಟ್ಟು ನಾ ಏನ್ ಜ್ವಾಳ ಕೊಯ್ಲೇನು? ಗುರಾಣಿ ಕೊಡ್ತೀನಿ."

"ಆ ಗುರಾಣಿ ಗುಜರಿಯವ್ನೂ ಮುಟ್ಟಾಂಗಿಲ್ಲ."

"ಕಡೀ ಮಾತೇನು?"

"ಕತ್ತಿ ಇಲ್ಲಂದ್ರ ಉಂಗ್ರಿಲ್ಲ."

ಇಬ್ಬರೂ ನಗುತ್ತಲೇ ಇದ್ದೆವು. "ಹಂಗಾರ ನಾ ಹೊಂಟೆ ನೋಡಪ್ಪ" ಎಂದೆ. ಆಟದಲ್ಲಿ ಮೈತ್ರಿ ಮುರಿಯುವುದಕ್ಕೆ ಒಂದು ಬಟನ್ ಇದೆ. ಒತ್ತಿದೆ. ಫೋನ್ ಕಟ್ ಮಾಡಿದೆ. ದಂಡನ್ನೆಲ್ಲ ಕೋಟೆಯಿಂದ ಹೊರಡಿಸಿ ಹೊಳೆಯ ದಂಡೆಗೆ ತಂದು ನಿಲ್ಲಿಸಿದೆ. ದೂರ ಹೋಗಲಿಲ್ಲ. ದೂರ ಹೋದರೆ ಕರೆದದ್ದು ಕೇಳಿಸುವುದಿಲ್ಲವಲ್ಲ.

ಫೋನು ಟೇಬಲ್ಲಿನ ಮೇಲೆ ಅಂಗಾತ ಮಲಗಿತ್ತು. ಕೂಗು ಬರಲಿಲ್ಲ, ಶತ್ರು ಬಂದ.

ಹೊರಗಿನ ಗೋಡೆಗೆ ಬೆಂಕಿ ಬಿತ್ತು. ಈಗ ಕರೆಯುತ್ತಾನೆ ಎಂದುಕೊಂಡೆ. ಒಳಗಿನ ಗೋಡೆಗೂ ಬಿತ್ತು. ಈಗಂತೂ ಕರೆಯಲೇಬೇಕು. ನಿಜ ಹೇಳುತ್ತೇನೆ, ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ಲೆಕ್ಕ: ಗೋಡೆ ಬಿದ್ದಷ್ಟೂ ಉಂಗುರ ಅಗ್ಗ. ಹೊಳೆ ದಂಡೆಯಿಂದ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಬೇಸಿಗೆಯೆಲ್ಲ ಕಟ್ಟಿದ ಮನೆಗಳು ಒಂದೊಂದಾಗಿ ಕಪ್ಪಾದವು. ಬುರ್ಜಿನ ಮೇಲಿನ ಕುಳ್ಳ ಕೊನೆಗೆ ಬಿದ್ದ. ನಿಮ್ಮ ನೆರೆಯವನು ಸೋತಿದ್ದಾನೆ ಎಂದು ಪರದೆಯ ಮೇಲೆ ಒಂದು ಸಾಲು ಬಂತು.

ಆಮೇಲೂ ಫೋನು ಬರಲಿಲ್ಲ.

ಮುಂದಿನ ಭಾನುವಾರ ಕಂಪ್ಯೂಟರ್ ಹಚ್ಚಿ ಕುಳಿತೆ. ಅವನು ಬರಲಿಲ್ಲ. ನಾನೂ ಫೋನ್ ಮಾಡಲಿಲ್ಲ. ಎದ್ದು ಹೋದವನೇ ತಿರುಗಿ ಬಂದು ಬಾಗಿಲು ತಟ್ಟಿದರೆ ದಂಧೆಯ ಮಾನ ಉಳಿಯುತ್ತದೆಯೇ?

ರಾಯಚೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಊಟವಾದ ಮೇಲೆ ಓಣಿಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಎದುರು ಮನೆಯ ಕೂಲರ್ ಒಂದೇ ಮಾತಾಡುತ್ತದೆ. ಸಂಸಾರಸ್ಥರಿಗೆ ಭಾನುವಾರ ಸಾಲುವುದಿಲ್ಲವಂತೆ. ಒಬ್ಬನೇ ಇರುವವನಿಗೆ ಅದು ಮುಗಿಯುವುದೇ ಇಲ್ಲ. ಗಡ್ಡ ಬೆಳೆಯದಿದ್ದರೂ ಕಟಿಂಗ್ ಶಾಪಿಗೆ ಹೋದೆ. ಯಾರ ಜೊತೆಯಾದರೂ ನಾಲ್ಕು ಮಾತಾಗಲಿ ಎಂದು ಕಲ್ಲಂಗಡಿಯವನ ಹತ್ತಿರ ಜೋರು ಚೌಕಾಸಿ ಮಾಡಿದೆ. ಗೆದ್ದೆ. ಎರಡು ಹಣ್ಣು ಹೊತ್ತು ತಂದೆ. ಒಬ್ಬ ಮನುಷ್ಯ ಎಷ್ಟು ತಿಂದಾನು? ಒಂದು ಮೂಲೆಯಲ್ಲೇ ಕೊಳೆಯಿತು.

ಕೊನೆಗೆ ಟ್ರ್ಯಾಕ್ಟರ್ ನೋಡುವ ನೆಪ ಮಾಡಿಕೊಂಡು ದೇವದುರ್ಗಕ್ಕೆ ಬೈಕ್ ಹತ್ತಿದೆ.

ಸಿದ್ಯಾ ಅಂಗಡಿಯಲ್ಲಿ ಯಾರದೋ ಬ್ಯಾಟರಿಗೆ ನೀರು ತುಂಬುತ್ತಿದ್ದ. ತಲೆ ಎತ್ತಿದ.

"ಬರ್ರಿ," ಎಂದ. "ಕೂಡ್ರಿ."

ಇಷ್ಟು ವರ್ಷದಲ್ಲಿ ಅವನ ಬಾಯಿಂದ ನನಗೆ ಒಂದು 'ರೀ' ಬಿದ್ದದ್ದಿಲ್ಲ. ನಮ್ಮ ಕಡೆ ಸಿಟ್ಟು ಬಂದರೆ ಬೈಗುಳ ಹೆಚ್ಚುತ್ತದೆ, ಅದು ಆರೋಗ್ಯದ ಲಕ್ಷಣ. ಮರ್ಯಾದೆ ಹೆಚ್ಚಿದರೆ ಹೆದರಬೇಕು.

"ಯಾಕಲೇ, ನನಗ ರೀ ಹಚ್ಚಾಕತ್ತಿ?"

"ಚಾ ತರಿಸ್ಲೇನ್ರಿ?"

"ಚಾ ಇರ್ಲಿ. ಅವತ್ತು ಒಂದು ಸಲ ಕರದಿದ್ರ ಓಡಿ ಬರ್ತಿದ್ನಲ್ಲೋ. ನಾ ಎದ್ದು ಹೋಗೋದು ನಿನಗ ಹೊಸಾದೇನು?"

ಅವನು ಬ್ಯಾಟರಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದ. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನಿಮ್ಮ ದಂಡು ಹೊಳಿ ದಂಡ್ಯಾಗ ನಿಂತದ್ದು ನನಗ ಕಾಣ್ತಿತ್ರಿ. ಬೆಂಕಿ ಹತ್ತಿದ್ದು ನಿಮಗೂ ಕಾಣ್ತಿತ್ತು. ಮತ್ತ ಕರಿಯೂದೇನದ?"

ನಾಲಿಗೆಯೇ ಬಂಡವಾಳ ಎಂದು ಮೇಲೆ ಬರೆದೆನಲ್ಲ. ಇದ್ದಷ್ಟನ್ನೂ ಹೂಡಿದೆ.

"ಹಳೇ ಸೇವ್ ಅದಲ್ಲೋ," ಎಂದೆ. "ಕ್ವಾಟಿ ಸುಡೂಕಿಂತ ಮೊದಲಿಂದು. ಅಲ್ಲಿಂದ ಸುರು ಮಾಡೂಣು. ಉಂಗ್ರ ನೀನ ಇಟ್ಕೋ. ಕತ್ತೀನೂ ತಗೋ."

ಎದುರಿನವನು ಕೇಳುವ ಮೊದಲೇ ನಾನಾಗಿ ಎಲ್ಲ ಬಿಟ್ಟುಕೊಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

"ಕ್ವಾಟಿ ವಾಪಸ್ ಬರ್ತದ್ರಿ," ಎಂದ ಸಿದ್ಯಾ. "ಅದಕ್ಕೇನು."

"ಮತ್ತ ಭಾನುವಾರ ಬರ್ತಿಯಿಲ್ಲೋ?"

"ನೋಡೂಣ್ರಿ."

ನೋಡೋಣ. ಎಷ್ಟು ಅಂಗಳಗಳಲ್ಲಿ ನಾನೇ ಹೇಳಿದ ಮಾತು ಅದು. ಆಗುವುದಿಲ್ಲ ಎನ್ನುವುದಕ್ಕೆ ಬಾಯಿ ಬಾರದಿದ್ದಾಗ ಆಡುವ ಮಾತು. ಅರ್ಥವನ್ನು ನನಗೆ ಹೇಳಿಕೊಡಬೇಕೇ?

ಚಹಾ ಬಂತು, ಕುಡಿದೆ. ಮಳೆ, ಹತ್ತಿ, ಬ್ಯಾಟರಿ ಎಂದು ಮಾತಾಡಿದೆವು, ಬಸ್ಸಿನಲ್ಲಿ ಪಕ್ಕಕ್ಕೆ ಸಿಕ್ಕವರ ಹಾಗೆ. ಆಮೇಲೆ ಎದ್ದೆ, ಈ ಸಲ ದರ ಕುದುರಿಸುವುದಕ್ಕಲ್ಲ. ಆದರೂ ಬೈಕಿನ ತನಕ ನಡೆಯುವಾಗ ಕಿವಿ ಹಿಂದಕ್ಕೇ ಇತ್ತು. ಕಿಕ್ ಹೊಡೆದೆ. ಅಂಗಡಿಯೊಳಗೆ ಇನ್ನೊಬ್ಬ ಗಿರಾಕಿಗೆ ಅವನು ದರ ಹೇಳುತ್ತಿದ್ದ.

ಸಲಹೆ ಕೊಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ, ಹಾಗಾಗಿ ಇದೊಂದು ಬಿಟ್ಟಿ ಇಟ್ಟುಕೊಳ್ಳಿ. ಟ್ರ್ಯಾಕ್ಟರ್ ಮಾರುವವನ ಅಂಗಳದಿಂದ ಧಾರಾಳವಾಗಿ ಎದ್ದು ಹೋಗಿ. ನಿಮ್ಮವರ ಅಂಗಳದಲ್ಲಿ ಮಾತ್ರ ಹೊಗೆ ಕಂಡ ಮೇಲೆ ಕೂಗಿಗೆ ಕಾಯಬೇಡಿ.

ಮೊನ್ನೆಯ ಭಾನುವಾರ ಆಟ ತೆರೆದೆ. ನನ್ನ ಪಕ್ಕದ ಜಾಗ ಖಾಲಿ. ಅಲ್ಲಿ ಕಂಪ್ಯೂಟರನ್ನೇ ಗೆಳೆಯನಾಗಿ ಕೂರಿಸಲೇ ಎಂದು ಪರದೆ ಕೇಳಿತು. ಕೂರಿಸಿಕೊಂಡೆ. ಒಳ್ಳೆಯ ಆಟಗಾರ. ಹೇಳದೆಯೇ ಸಹಾಯಕ್ಕೆ ಬರುತ್ತಾನೆ. ಚಿನ್ನ ಕೇಳಿದೆ, ಕೊಟ್ಟ. ಕಟ್ಟಿಗೆ ಕೇಳಿದೆ, ಕೊಟ್ಟ. ಒಂದು ತಾಯತ ಸಿಕ್ಕಿತ್ತು ಅವನಿಗೆ, ಒಳ್ಳೆಯದು. ಸುಮ್ಮನೆ ಕೇಳಿ ನೋಡಿದೆ. ಬದಲಿಗೆ ಏನು ಕೊಡುತ್ತಿ ಎಂದು ಕೂಡ ಕೇಳದೆ ಅದನ್ನೂ ಕೊಟ್ಟ.

ಕೇಳಿದ್ದನ್ನೆಲ್ಲ ಸುಮ್ಮನೆ ಕೊಟ್ಟುಬಿಡುವವನ ಜೊತೆ ಎಷ್ಟು ಹೊತ್ತು ಕೂರಬಲ್ಲಿರಿ, ಹೇಳಿ?