ಹೂವಿನವಳ ಜಾಗ

ಹಾಲು ಕಾಯಿಸಿ, ಯಜಮಾನರ ಡಬ್ಬಿ ಕಟ್ಟಿ ಕಳಿಸಿ, ಬಾಗಿಲಿಗೆ ರಂಗೋಲಿ ಎಳೆಯುತ್ತಿದ್ದೆ. ಗೇಟಿನಾಚೆಯಿಂದ ಮಲ್ಲಿಗೆಯ ವಾಸನೆ ಬಂತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಹೂದಾನಿಯಲ್ಲಿ ಬಹಳ ದಿನ ನಿಂತ ನೀರಿನಂಥದ್ದು. ತಲೆಯೆತ್ತಿದರೆ ಹೂವಿನವಳು. ಎಂದಿನಂತೆ ಕೂಗಿರಲಿಲ್ಲ.

ಜೀವನ್ ಬಿಮಾ ನಗರದ ನಮ್ಮ ಬೀದಿಯ ತುದಿಯಲ್ಲಿ, ಗಣಪತಿ ಗುಡಿಯ ಗೋಡೆಗೆ ಒರಗಿ ಮಣೆ ಹಾಕಿ ಕೂರುವವಳು ಅವಳು; ಕೂರುವ ಮೊದಲು ಮನೆಗಳಿಗೆ ಹೂವು ಕೊಟ್ಟು ಹೋಗುತ್ತಾಳೆ. ಆ ದಿನ ರವಿಕೆಯೊಳಗೆ ಎಡಗಡೆಗೆ ಒಂದು ಹಿಡಿ ಮಲ್ಲಿಗೆ ತುರುಕಿಕೊಂಡಿದ್ದಳು. ಯಾಕೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೋದ ವರ್ಷ ನನ್ನ ಎದೆಯಲ್ಲೂ ಅದೇ ಕಡೆ ಗಂಟು ಸಿಕ್ಕಿತ್ತು. ಯಜಮಾನರ ಕಂಪನಿಯ ಇನ್ಶೂರೆನ್ಸ್ ಇತ್ತು, ಬಟಾಣಿಯಷ್ಟಿದ್ದಾಗಲೇ ತೆಗೆದರು.

“ಆಸ್ಪತ್ರೆಗೆ ಹೋಗಿದ್ಯಾ?”

“ಸುಮಾರ್ ಸಲ ಹೋದೆ ಅಕ್ಕಾ. ಮಿಷಿನ್ ಕೆಟ್ಟೈತೆ, ಇನ್ನೊಂದಿನ ಬಾ ಅಂದ್ರು. ಇವತ್ತು ಬರಕ್ಕೆ ಹೇಳವ್ರೆ. ಎಲ್ಲಿಂದ ಹೋಗ್ಲಿ? ಒಂದಿನ ಜಾಗ ಬಿಟ್ರೆ ಇನ್ನೊಬ್ಳು ಬುಟ್ಟಿ ಇಟ್ಕೊಂಡು ಕೂತ್ಬಿಡ್ತಾಳೆ.” ನಕ್ಕಳು. “ನಾನೂ ಹಂಗೇ ತಾನೆ ಕೂತಿದ್ದು. ಮುಂಚೆ ಇದ್ದೋಳು ಹುಷಾರಿಲ್ದೆ ಮಲಗಿದ್ಲು.”

ಆ ಮೂಲೆಯ ಕಟ್ಟಳೆ ಅದು. ಮಣೆಯ ಮೇಲೆ ಯಾರಾದರೂ ಕೂತಿದ್ದರೆ ಮಾತ್ರ ಜಾಗ ಉಳಿಯುತ್ತದೆ.

“ನಾನ್ ಕೂತ್ಕೋತೀನಿ. ನೀನ್ ಹೋಗ್ಬಿಟ್ ಬಾ.”

“ಸುಮ್ನಿರಿ ಅಕ್ಕಾ, ಕಾನ್ವೆಂಟ್‌ನಲ್ಲಿ ಓದಿರೋರು. ಮಲ್ಲಿಗೆ ಯಾವ್ದು, ಕಾಕಡ ಯಾವ್ದು ಗೊತ್ತಾ ನಿಮ್ಗೆ?”

ಆದರೂ ಆಟೊ ಹತ್ತಿ ಹೋದಳು.

ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದು ಕೂತೆ. ಮಣೆಯ ಎತ್ತರದಿಂದ ಬೀದಿಯೆಂದರೆ ಬರೀ ಪಾದಗಳು. ಮೇಲಿನಿಂದ ಕೈಗಳು ಇಳಿಯುತ್ತಿದ್ದವು, ಹೂವು ತೆಗೆದುಕೊಂಡು ಮೇಲೇರುತ್ತಿದ್ದವು. ಒಂದು ಕೈಯಲ್ಲಿ ಹವಳದ ಉಂಗುರ; ಪಕ್ಕದ ಮನೆಯವರದು. ನಾನು ಮುಖ ಎತ್ತಿ ನಕ್ಕೆ. ಅವರ ಕಣ್ಣು ನನ್ನ ಮೇಲೆ ಹಾದು ಹೋಯಿತು, ಗೋಡೆಯ ಮೇಲೆ ಹಾದು ಹೋಗುವ ಹಾಗೆ. “ಎರಡು ಮೊಳ ಕೊಡು, ಬೇಗ,” ಎಂದರು. ಎರಡು ಮೊಳ ಅಳೆದು ಕೊಟ್ಟೆ.

ಆಮೇಲೆ ಗುಡಿಯಿಂದ ಒಬ್ಬ ಮುದುಕಿ ಇಳಿದು ಬಂದು, ಬಾಗಿ, ಹತ್ತಿರದಿಂದಲೇ ನನ್ನನ್ನು ನೋಡಿ ಕೇಳಿದಳು, “ಎದೆನೋವು ಹೆಂಗಿದೆ ತಾಯಿ ಈಗ?”

“ಪರವಾಗಿಲ್ಲ ಅಜ್ಜಿ,” ಎಂದೆ. ವಾಸಿಯಾಗಿದ್ದ ನನ್ನ ಹೊಲಿಗೆಯ ಜಾಗ ಆಗ ಮಿಡಿಯತೊಡಗಿತು. ಬುಟ್ಟಿಯ ಹೂವಿನ ನಡುವಿನಿಂದಲೋ ನನ್ನಿಂದಲೋ, ಬೆಳಗಿನ ಆ ವಾಸನೆ ಮತ್ತೆ ಬಂತು.

ಮಧ್ಯಾಹ್ನ ಇಳಿಯುವಾಗ ಅವಳು ವಾಪಸು ಬಂದಳು. ಮೊದಲು ಮಣೆ ನೋಡಿದಳು, ಆಮೇಲೆ ನನ್ನನ್ನು.

“ಏನಂದ್ರು?”

“ಕುಯ್ಯೋ ಹಂತ ದಾಟೋಗೈತಂತೆ. ಬೆನ್ನು ಮೂಳೆಗೂ ಇಳಿದೈತಂತೆ. ನೋವಿಗೆ ಮಾತ್ರೆ ಕೊಟ್ಟವ್ರೆ. ಇಷ್ಟ್ ದಿನ ಎಲ್ಲಿದ್ದೆ ಅಂತ ಬೈದ್ರು.” ಪಕ್ಕದಲ್ಲಿ ಕೂತು ಹೂವಿನ ಮೇಲೆ ನೀರು ಚಿಮುಕಿಸಿದಳು. “ಎದ್ದೋಗಿ ಅಕ್ಕಾ, ಯಾರಾದ್ರೂ ನೋಡ್ತಾರೆ.”

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ಮುಡಿಯಲ್ಲಿ ನಾನು ಕೊಟ್ಟ ಹೂವೇ ಇತ್ತು.

“ಏನ್ರೀ, ಆ ಹೂವಿನವಳಿಗೆ ಕಾಯಿಲೆ ಅಂತ ಎಲ್ರೂ ಅಂತಿದ್ರಲ್ಲ? ಬೆಳಿಗ್ಗೆ ನೋಡ್ದೆ, ಮುಖದಲ್ಲಿ ಎಷ್ಟ್ ಕಳೆ ಬಂದಿದೆ ಅಂತೀರಾ. ಸರ್ಕಾರಿ ಆಸ್ಪತ್ರೆಲೂ ಚೆನ್ನಾಗೇ ವಾಸಿ ಮಾಡ್ತಾರೆ, ಬಿಡಿ.”