ಬೇಚರಾಕ್ ಎಂದು ಬರೆದ ಊರು

ದೆವ್ವ, ಭೂತ, ಕಣ್ಕಟ್ಟು ಎಂದು ಯಾರಾದರೂ ಕಥೆ ಶುರುಮಾಡಿದರೆ ನಗುತ್ತಿದ್ದವನು ನಾನು. ಹಾಗಾಗಿ ಇದನ್ನೋದಿ ನೀವು ನಕ್ಕರೆ ಬೇಸರವಿಲ್ಲ. ನಡೆದದ್ದು ಹಾಡುಹಗಲು, ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಇಷ್ಟು ದಿನ ಹೇಳದೆ ಇದ್ದದ್ದು ನಾಚಿಕೆಯಿಂದ.

ಆಗ ನಾನು ಮಾಗಡಿ ಸೀಮೆಯಲ್ಲಿ ಗ್ರಾಮ ಲೆಕ್ಕಿಗ. ಎರಡು ತಾಲ್ಲೂಕುಗಳ ಗಡಿಯಲ್ಲಿ, ಜಲಾಶಯದ ಹಿನ್ನೀರಿನ ದಡದಲ್ಲಿ, ಹನ್ನೊಂದು ಮನೆಗಳ ಒಂದು ಹಟ್ಟಿಯಿತ್ತು. ಈ ತಾಲ್ಲೂಕಿನವರು ಅದು ಆ ತಾಲ್ಲೂಕಿನದು ಅನ್ನುವರು, ಆ ಕಡೆಯವರು ಈ ಕಡೆಗೆ ಕೈ ತೋರಿಸುವರು. ದಡದಲ್ಲಿ ರೆಸಾರ್ಟು ಬರುವ ಸುದ್ದಿ ಹಬ್ಬಿದ ಮೇಲೆ ಇಬ್ಬರಿಗೂ ಆ ಜಾಗದ ಮೇಲೆ ಪ್ರೀತಿ ಉಕ್ಕಿತು. ಹಟ್ಟಿ ಕಂದಾಯ ಗ್ರಾಮವಾದರೆ ಜನಕ್ಕೆ ಮನೆಯ ಹಕ್ಕುಪತ್ರ ಸಿಗುತ್ತಿತ್ತು, ಆಗದಿದ್ದರೆ ಅವರು ಜಾಗ ಖಾಲಿ ಮಾಡಬೇಕಿತ್ತು. ಸ್ಥಳ ನೋಡಿ ವರದಿ ಕೊಡುವ ಕೆಲಸ ನನಗೆ ಬಂತು.

ನಾನು ಹೋಗಲೇ ಇಲ್ಲ. ಬಿಸಿಲು, ಕಲ್ಲುದಾರಿ, ಎಲ್ಲಕ್ಕಿಂತ ಹೆಚ್ಚಾಗಿ ಸೋಮಾರಿತನ. ಯಾರೂ ನನಗೆ ದುಡ್ಡಿನ ಆಸೆ ತೋರಿಸಿರಲಿಲ್ಲ, ತೋರಿಸಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಹಳೆಯ ಕಡತದಲ್ಲಿ ‘ಬೇಚರಾಕ್’ ಎಂದಿತ್ತು, ಅಂದರೆ ಜನವಸತಿಯಿಲ್ಲದ ಊರು. ಅದನ್ನೇ ಇಳಿಸಿಕೊಂಡು, ಸ್ಥಳ ನೋಡಿಬಂದವನಂತೆ ಟೀ ಅಂಗಡಿಯಲ್ಲಿ ಕೂತು ಮಹಜರು ಬರೆದು, ಅಲ್ಲಿದ್ದ ಇಬ್ಬರ ಕೈಯಲ್ಲಿ ಸಾಕ್ಷಿ ಸಹಿ ಹಾಕಿಸಿದೆ.

ಹದಿನೈದು ದಿನದಲ್ಲಿ ಹಟ್ಟಿಯವರ ತಕರಾರು ಅರ್ಜಿ ಬಂತು. ಕೆಳಗೆ ಸಾಲಾಗಿ ಹೆಬ್ಬೆಟ್ಟುಗಳು. ವರದಿ ಇನ್ನೂ ಮೇಲಕ್ಕೆ ಹೋಗಿರಲಿಲ್ಲ. ತಹಶೀಲ್ದಾರರು ಇನ್ನೊಮ್ಮೆ ನೋಡಿ ಬನ್ನಿ ಎಂದರು. ಗ್ರಾಮ ಸಹಾಯಕ ಸಿದ್ದಯ್ಯನನ್ನು ಕರೆದುಕೊಂಡು ಹೊರಟೆ.

ಹಟ್ಟಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅಂಗಳಕ್ಕೆ ಹಾಕಿದ ಸಗಣಿನೀರು ಇನ್ನೂ ಆರಿರಲಿಲ್ಲ. ಹಂಚಿನ ಸಂದಿಯಿಂದ ಹೊಗೆ ಬರುತ್ತಿತ್ತು, ಕೋಳಿಗಳು ಕೆದಕುತ್ತಿದ್ದವು. ಮನುಷ್ಯರು ಮಾತ್ರ ಕಾಣಲಿಲ್ಲ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಸಮಾಧಾನವಾಯಿತು.

ಅಷ್ಟರಲ್ಲಿ ಸಿದ್ದಯ್ಯ ಒಂದು ಜಗಲಿಯ ಮುಂದೆ ನಿಂತು, “ಏನಜ್ಜಿ, ಮಂಡಿನೋವು ಒಸಿ ವಾಸಿ ಆಯ್ತಾ?” ಎಂದ. ಖಾಲಿ ಜಗಲಿ. ಅವನು ಕಿವಿಗೊಟ್ಟು ಕೇಳಿಸಿಕೊಂಡ, ತಲೆಯಾಡಿಸಿದ, ನಕ್ಕ. ನನ್ನನ್ನು ಗೇಲಿ ಮಾಡುತ್ತಿದ್ದಾನೆಂದು ಸಿಟ್ಟು ಬಂತು. ಆಮೇಲೆ ಅವನು ಕೈ ಚಾಚಿದ, ಆ ಕೈಯಲ್ಲೊಂದು ಚೊಂಬು ಇತ್ತು. ಎಲ್ಲಿಂದ ಬಂತೋ ನಾನು ನೋಡಲಿಲ್ಲ.

“ತಕ್ಕಳಿ ಸಾ, ಮಜ್ಜಿಗೆ. ಅಜ್ಜಿ ಕೊಟ್ಳು.”

ಕುಡಿದೆ. ತಣ್ಣಗಿತ್ತು, ಉಪ್ಪು ಒಂದಿಷ್ಟು ಮುಂದಾಗಿತ್ತು.

ಸಿದ್ದಯ್ಯ ದನಿ ತಗ್ಗಿಸಿ, “ಎಲ್ಲಾ ಮನೆಯವ್ರೂ ಬಂದು ನಿಂತವ್ರೆ, ಸಾ. ಸಾಹೇಬ್ರು ನಮ್ ಮಖ ಯಾಕ್ ನೋಡ್ತಿಲ್ಲ, ನಾವೇನ್ ತಪ್ ಮಾಡಿದ್ವಿ ಅಂತ ಅಜ್ಜಿ ಕೇಳ್ತಾವ್ಳೆ” ಎಂದ.

ಏನು ಮಾಡಲಿ? ಜಗಲಿಯ ಕಡೆ ತಿರುಗಿ ಕೈ ಮುಗಿದೆ.

“ಆ ಕಡೆ ಅಲ್ಲ ಸಾ,” ಎಂದ ಸಿದ್ದಯ್ಯ, “ಈ ಕಡೆ.”

ಕಣ್ಣಿನ ಡಾಕ್ಟರಿಗೆ ತೋರಿಸಿದೆ, ದೋಷವಿಲ್ಲ ಎಂದರು. ಹೆಂಡತಿ ಕೆಂಗಲ್ ಆಂಜನೇಯನಿಗೆ ಕೈ ಮುಗಿದು ಬನ್ನಿ ಎಂದಳು, ಅಲ್ಲಿಗೂ ಹೋಗಿಬಂದೆ. ಸಿದ್ದಯ್ಯ ಸುಳ್ಳು ಹೇಳುವ ಆಳಲ್ಲ. ಈಗ ಆ ದಡದಲ್ಲಿ ರೆಸಾರ್ಟು ಇದೆ. ಹಟ್ಟಿಯವರು ಎಲ್ಲಿಗೆ ಹೋದರೆಂದು ನಾನು ಯಾರನ್ನೂ ಕೇಳಿಲ್ಲ. ಅವತ್ತು ಅವರು ನನ್ನೊಬ್ಬನಿಗೇ ಯಾಕೆ ಕಾಣಲಿಲ್ಲವೋ ಇವತ್ತಿಗೂ ಗೊತ್ತಿಲ್ಲ.

ಗೊತ್ತಿರುವುದು ಇಷ್ಟು. ಹಟ್ಟಿಗೆ ಹೋಗಿಬಂದ ಮಾರನೆಯ ದಿನ ಕಚೇರಿಯಲ್ಲಿ ಕೇಸ್ ವರ್ಕರ್ ನನ್ನ ವರದಿಯ ಕಡತ ಹಿಡಿದು ಬಂದ. ವರದಿ ತಿದ್ದಬೇಕಾದರೆ ಮಹಜರು ಸುಳ್ಳೆಂದು ಒಪ್ಪಬೇಕಿತ್ತು, ಒಪ್ಪಿದ್ದರೆ ಅಮಾನತು ಆಗುತ್ತಿತ್ತು.

“ಏನಾದ್ರೂ ಬದಲಾವಣೆ ಇದೆಯಾ ಸಾರ್?” ಎಂದ.

“ಇಲ್ಲ, ಕಳಿಸಿ” ಎಂದೆ.