ಪದವಿಯ ಗೌನು ತೊಡಿಸುವ ಲೋಲಾಕ್ಷಿ

ಲೋಲಾಕ್ಷಿ ಕ್ಯಾಮೆರಾ ಹಿಡಿಯುವುದಕ್ಕೆಂದು ದುಬೈಗೆ ಬಂದವಳಲ್ಲ. ಮೂಡುಬಿದಿರೆಯಲ್ಲಿ ಹತ್ತನೇ ಕ್ಲಾಸು ಮುಗಿಸಿ, ಅಲ್ ಕೂಜ್‌ನ ಗೋದಾಮೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದ ಶಾಮಸುಂದರನನ್ನು ಮದುವೆಯಾಗಿ ಬಂದವಳು. ಕರಾಮದ ಫ್ಲ್ಯಾಟಿನಲ್ಲಿ ಕೈಕಟ್ಟಿ ಕೂತು ಕೂತು ಬೇಸತ್ತು, ಕೆಳಗಿನ ಬೀದಿಯಲ್ಲಿದ್ದ ವಿಕ್ಟರನ ಸ್ಟುಡಿಯೋಕ್ಕೆ ಇಸ್ತ್ರಿ ಹಾಕುವ ಕೆಲಸಕ್ಕೆ ಸೇರಿದಳು. ಮಂಗಳೂರಿನ ವಿಕ್ಟರ್ ಆಗ ಒಂದು ಕಾಲೇಜಿನ ಪದವಿ ಸಮಾರಂಭಕ್ಕೆ ಗೌನು ಬಾಡಿಗೆಗೆ ಕೊಟ್ಟು ಫೋಟೋ ತೆಗೆಯುವ ಗುತ್ತಿಗೆ ಹಿಡಿದಿದ್ದ.

ಆ ಗೌನುಗಳೋ, ವರ್ಷವಿಡೀ ಪ್ಲಾಸ್ಟಿಕ್ ಚೀಲದಲ್ಲಿ ಮುದುಡಿ ಕೂತ ಪಾಲಿಯೆಸ್ಟರು. ಬಿಸಿ ಒಂದಿಷ್ಟು ಹೆಚ್ಚಾದರೆ ಬಟ್ಟೆ ಹೊಳಪು ಹೊಡೆದು ಫೋಟೋದಲ್ಲಿ ಕಲೆಯಂತೆ ಕಾಣುತ್ತದೆ. ಕಡಿಮೆಯಾದರೆ ಸುಕ್ಕು ಜಗ್ಗುವುದಿಲ್ಲ. ಲೋಲಾಕ್ಷಿ ಗೌನಿನ ಒಳಮಗ್ಗುಲನ್ನು ಹೊರಗೆ ಮಾಡಿ, ಹಳೇ ಪಂಚೆ ಒದ್ದೆ ಮಾಡಿ ಹಾಸಿ, ಮಗುವಿನ ಮೈ ಒರೆಸಿದ ಹಾಗೆ ಇಸ್ತ್ರಿ ಹಾಕುತ್ತಿದ್ದಳು. ಬೆನ್ನಿಗಿಳಿಯುವ ಬಣ್ಣದ ಹುಡ್ ಹುಡುಗಿಯರ ಕೊರಳನ್ನು ಹಿಂದಕ್ಕೆ ಜಗ್ಗದಂತೆ ಭುಜದ ಒಳಗೆ ಪಿನ್ನು ಕೊಡುತ್ತಿದ್ದಳು. ತಲೆವಸ್ತ್ರದ ಮೇಲೆ ಚೌಕದ ಟೋಪಿ ಜಾರುವುದನ್ನು ಕಂಡು ಅದರ ಒಳಸುತ್ತಿಗೆ ಮಖಮಲ್ಲಿನ ಪಟ್ಟಿ ಹೊಲಿದಳು. ಆಮೇಲೆ ಯಾರ ಟೋಪಿಯೂ ಜಾರಲಿಲ್ಲ.

ಒಂದು ದಿನ ಅಲ್ಲಿಯದೇ ಅರಬ್ ತಾಯಿಯೊಬ್ಬಳು ಮಗಳನ್ನು ಕರೆತಂದಳು. ಮಗಳ ಫೋಟೋ ಬೇಕು, ಆದರೆ ತೆಗೆಯುವಾಗ ಗಂಡಸರು ಇರಬಾರದು, ತೆಗೆದ ಮೇಲೆ ನೋಡಲೂ ಬಾರದು ಎಂದಳು. ವಿಕ್ಟರ್ ದೀಪಗಳನ್ನೆಲ್ಲ ಹೊಂದಿಸಿ, ಇಸ್ತ್ರಿಯವಳ ಕೈಗೆ ಕ್ಯಾಮೆರಾ ಕೊಟ್ಟು ಹೊರಗೆ ನಡೆದ. ಅವನು ಬಾಗಿಲಾಚೆಯಿಂದ ಹೇಳಿಕೊಟ್ಟಂತೆ ಫಿಲಂ ತೊಳೆದದ್ದೂ ಅವಳೇ. ಮುಖವೇನೋ ಚೆನ್ನಾಗಿಯೇ ಬಂತು. ಕಪ್ಪು ವಸ್ತ್ರದ ಮೇಲಿನ ಕಪ್ಪು ಗೌನು ಮಾತ್ರ ಇದ್ದಿಲ ಮೂಟೆಯಾಗಿತ್ತು. ಆ ತಾಯಿ ದೂರಲಿಲ್ಲ. ಲೋಲಾಕ್ಷಿಗೇ ಅದು ಗಂಟಲಲ್ಲಿ ಸಿಕ್ಕಿದ ಮೀನುಮುಳ್ಳಾಯಿತು.

ಅಂದಿನಿಂದ ಶುಕ್ರವಾರದ ರಜೆಯೆಲ್ಲ ಅಭ್ಯಾಸಕ್ಕೆ ಹೋಯಿತು. ಶಾಮಸುಂದರನಿಗೆ ಗೌನು ತೊಡಿಸಿ, ತಲೆಗೆ ತನ್ನ ಕಪ್ಪು ಶಾಲು ಸುತ್ತಿ, ಸ್ಟೂಲಿನ ಮೇಲೆ ಕೂರಿಸುವಳು. ದೀಪವನ್ನು ಅತ್ತ ಸರಿಸಿ ಇತ್ತ ಸರಿಸಿ ನೋಡುವಳು. ಪದವಿಯಿಲ್ಲದೆ ಇಷ್ಟು ಸಲ ಗೌನು ತೊಟ್ಟವನು ಈ ಭೂಮಿಯ ಮೇಲೆ ತಾನೊಬ್ಬನೇ ಎಂದು ಅವನು ಗೊಣಗುತ್ತಿದ್ದ, ಆದರೂ ಕೂರುತ್ತಿದ್ದ. ದೀಪವನ್ನು ಎದುರಿನಿಂದ ತೆಗೆದು ಪಕ್ಕದಿಂದ ಕೆಳಗಿಳಿಸಿದಾಗ ಕಪ್ಪಿನೊಳಗಿನ ನೆರಿಗೆಗಳು ಒಂದೊಂದಾಗಿ ಎದ್ದು ಬಂದವು. ಫಿಲಂ ತೊಳೆಯುವ ಯಂತ್ರವನ್ನೂ ಪೂರ್ತಿಯಾಗಿ ಕಲಿತಳು. ವಿಕ್ಟರ್ ಮೇಲಿನ ಕೋಣೆಯನ್ನು ಹೆಂಗಸರಿಗೆಂದೇ ಬಿಟ್ಟುಕೊಟ್ಟ. ಫೋಟೋ, ನೆಗೆಟಿವ್ ಎರಡೂ ಕೂತವಳ ಕೈಗೇ ಎಂಬುದು ಲೋಲಾಕ್ಷಿಯ ಕಟ್ಟಳೆಯಾಯಿತು.

ಹೀಗೆ ಕೆಲವು ವರ್ಷ ನಡೆದು, ತೊಂಬತ್ತೆಂಟರ ಹೊತ್ತಿಗೆ ಎದುರು ಸಾಲಿನಲ್ಲಿ ದೊಡ್ಡ ಸ್ಟುಡಿಯೋ ಒಂದು ತಲೆಯೆತ್ತಿತು. ಅದರ ಶೋಕೇಸಿನ ತುಂಬ ಗೌನು ತೊಟ್ಟ ನಗುಮುಖಗಳು. ವಿಕ್ಟರನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ನಮ್ಮ ಶೋಕೇಸಿಗೂ ಹುಡುಗಿಯೊಬ್ಬಳ ಚಂದದ ಫೋಟೋ ಬರಲಿ, ಈ ಸಲದ ಸಮಾರಂಭದ ಒಳಗೆ ವ್ಯಾಪಾರ ಏಳದಿದ್ದರೆ ಮೇಲಿನ ಕೋಣೆಯನ್ನು ವೀಡಿಯೋದವರಿಗೆ ಬಾಡಿಗೆಗೆ ಕೊಡುತ್ತೇನೆ ಎಂದು ಅವನು ಕಡ್ಡಿ ಮುರಿದಂತೆ ಹೇಳಿದ. ಆ ಕೋಣೆ ಹೋದರೆ ಲೋಲಾಕ್ಷಿಗೆ ಉಳಿಯುವುದು ಇಸ್ತ್ರಿಪೆಟ್ಟಿಗೆಯೇ.

ಆ ವಾರವೇ ಬಾಗಲಕೋಟೆ ಕಡೆಯ ಗುರುಪಾದಪ್ಪ, ಕಟ್ಟಡಗಳಿಗೆ ವೈರಿಂಗ್ ಮಾಡಿಸುವ ಗುತ್ತಿಗೆದಾರ, ಎಂಜಿನಿಯರಿಂಗ್ ಮುಗಿಸಿದ ಮಗಳು ಮಧುಮತಿಯನ್ನು ಕರೆತಂದ. ಲೋಲಾಕ್ಷಿಯ ಕೈಯಿಂದ ಅಂಥ ಫೋಟೋ ಹಿಂದೆ ಬಂದಿರಲಿಲ್ಲ. ಶೋಕೇಸಿಗೆ ಹಾಕಬಹುದೇ ಎಂದು ವಿಕ್ಟರ್ ಕೇಳಿದಾಗ ಗುರುಪಾದಪ್ಪನ ಎದೆ ಒಂದು ಗೇಣು ಅಗಲವಾಯಿತು.

“ಹಾಕ್ರೀ, ದೊಡ್ಡದ ಮಾಡಿ ಹಾಕ್ರಿ. ನಮ್ಮ ಮಗಳನ್ನ ಮಂದಿ ನೋಡ್ಲಿ.”

ಮರುದಿನ ಮಧುಮತಿ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು. ಮೇಜಿನ ಮೇಲಿದ್ದ ಟೋಪಿಯೊಂದರ ಕುಚ್ಚನ್ನು ಬೆರಳಿಗೆ ಸುತ್ತುತ್ತ ನಿಂತಳು.

“ಆಂಟಿ, ಪ್ಲೀಸ್, ಶೋಕೇಸಿಗೆ ಬ್ಯಾಡ. ಅಪ್ಪ ಹೂಂ ಅಂದ್ರು. ನನ್ನನ್ನ ಯಾರೂ ಕೇಳ್ಲೇ ಇಲ್ಲ.”

ಅರಬ್ ಹುಡುಗಿಯರಿಗೆ ಕೊಡುತ್ತ ಬಂದ ಮರ್ಯಾದೆಯನ್ನು ತನ್ನ ಭಾಷೆಯ ಹುಡುಗಿಗೆ ಕೊಡಲು ಮರೆತೆನಲ್ಲ ಎಂದು ಲೋಲಾಕ್ಷಿಯ ಮನಸ್ಸು ಚುರುಕ್ಕೆಂದಿತು. ಯಾಕೆ ಬೇಡ ಎಂದೂ ಕೇಳಲಿಲ್ಲ. ಫೋಟೋ, ನೆಗೆಟಿವ್ ಎರಡನ್ನೂ ಲಕೋಟೆಗೆ ಹಾಕಿ ಹುಡುಗಿಯ ಕೈಗಿತ್ತಳು. ಕೆಳಗಿಳಿದು, ಆ ಫೋಟೋ ಶೋಕೇಸಿಗಿಲ್ಲ ಎಂದು ವಿಕ್ಟರನಿಗೆ ಹೇಳಿದಳು. ಅವನು ಸಿಡುಕಿದ.

“ಅರಬರಿಗಾದ್ರೆ ಆಯ್ತು. ನಮ್ಮವರಿಗೆ ಎಂತ ಮಾರಾಯ್ತಿ ಇದೆಲ್ಲ?”

ತುಳುನಾಡಿನ ಕ್ರಿಸ್ತಿಯನ್ನರನ್ನು ಊರಿನಲ್ಲಿ ಕರೆಯುವ ಹಾಗೆಯೇ ಅವಳು ಅವನನ್ನು ಕರೆಯುವುದು. “ಪೊರ್ಬುಗಳೇ, ನಮ್ಮವಳಿಗೂ ಮುಖ ಅವಳದ್ದೇ ಅಲ್ವಾ?”

“ಹಾಗಾದ್ರೆ ಕೋಣೆ ಖಲಾಸ್ ಅಂತ ತಿಳ್ಕೋ.”

ಲೋಲಾಕ್ಷಿ ಅಳಲಿಲ್ಲ, ಅಂಗಲಾಚಲೂ ಇಲ್ಲ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಂದು, ಇದ್ದುದರಲ್ಲಿ ಒಳ್ಳೆಯ ಗೌನನ್ನು ಕಬ್ಬಿಣದ ಸ್ಟ್ಯಾಂಡಿಗೆ ತೊಡಿಸಿದಳು. ತೋಳುಗಳಿಗೆ ಪೇಪರು ತುಂಬಿ, ಹುಡ್ಡಿನ ಬಣ್ಣ ಭುಜದ ಮೇಲೆ ಒಂದು ಗೆರೆಯಷ್ಟೇ ಕಾಣುವಂತೆ ಪಿನ್ನು ಕೊಟ್ಟು, ತಲೆ ಇರಬೇಕಾದ ಎತ್ತರಕ್ಕೆ ಟೋಪಿಯನ್ನು ದಾರದಿಂದ ಇಳಿಬಿಟ್ಟಳು. ದೀಪ ಪಕ್ಕದಿಂದ ಬಿತ್ತು. ಆ ಫೋಟೋದಲ್ಲಿ ನೆರಿಗೆ ನೆರಿಗೆಯೂ ಉಸಿರಾಡುವಂತಿತ್ತು. ಒಳಗೆ ಯಾರೋ ಇದ್ದು, ಹೆಸರು ಹೇಳದೆ ನಿಂತಂತಿತ್ತು. ಅದನ್ನೇ ದೊಡ್ಡದು ಮಾಡಿ ಶೋಕೇಸಿಗೆ ಹಾಕಿದಳು.

ಇದೇನು ಬಟ್ಟೆ ಅಂಗಡಿಯೋ ಎಂದು ವಿಕ್ಟರ್ ಗೇಲಿ ಮಾಡಿದ. ಶೋಕೇಸಿನಲ್ಲಿ ಮಗಳ ಫೋಟೋ ತೋರಿಸಲು ನೆಂಟರನ್ನು ಕಟ್ಟಿಕೊಂಡು ಬಂದ ಗುರುಪಾದಪ್ಪ ಕೆಂಡವಾದ. ಲೋಲಾಕ್ಷಿ ಅವನನ್ನು ಪಕ್ಕಕ್ಕೆ ಕರೆದು, ಮಗಳನ್ನು ಕೇಳದೆ ಅವಳ ಫೋಟೋ ಹಾಕುವುದು ತನ್ನಿಂದಾಗಲಿಲ್ಲ ಎಂದಷ್ಟೇ ಹೇಳಿದಳು. ಅವನು ತುಸು ಹೊತ್ತು ಗೌನನ್ನೇ ನೋಡುತ್ತ ನಿಂತು, ನೆಂಟರನ್ನು ಚಹಾಕ್ಕೆ ಕರೆದುಕೊಂಡು ಹೋದ.

ಕೆಲವು ದಿನ ಕಳೆದು ಶೋಕೇಸಿನ ಮುಂದೆ ಕಾರು ನಿಂತಿತು. ಅದರಿಂದಿಳಿದ ಇನ್ನೊಬ್ಬ ಅರಬ್ ತಾಯಿ ಫೋಟೋವನ್ನು ಬಹಳ ಹೊತ್ತು ನೋಡಿ ಒಳಗೆ ಬಂದು, ಈ ಅಂಗಡಿಯಲ್ಲಿ ಯಾರ ಮುಖವನ್ನೂ ಹೊರಗೆ ಹಾಕುವುದಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದಳು. ಇಲ್ಲ ಎಂದಳು ಲೋಲಾಕ್ಷಿ. ಆ ತಾಯಿ ಹಿಂತಿರುಗಿ ಕೈಬೀಸಿದಳು. ಕಾರಿನಿಂದ ಇಬ್ಬರು ಹೆಣ್ಣುಮಕ್ಕಳು ಇಳಿದರು. ವಾರದೊಳಗೆ ಅವರ ಅತ್ತೆಯ ಮಕ್ಕಳು, ಅವರ ಗೆಳತಿಯರು ಬಂದರು. ಮಧುಮತಿಯ ಕಾಲೇಜಿನ ನಮ್ಮ ಕಡೆಯ ಹುಡುಗಿಯರೂ ಎದುರಿನ ಅಂಗಡಿ ಬಿಟ್ಟು ಬಂದರು.

ಮೇಲಿನ ಕೋಣೆಯಲ್ಲಿ ಕೂರಲು ಜಾಗವಿಲ್ಲವೆಂದು ಕೇಳಿ ವಿಕ್ಟರ್ ಪಕ್ಕದ ಹೋಟೆಲಿನಿಂದ ಕುರ್ಚಿಗಳನ್ನು ಹೊತ್ತು ತಂದ. ಅರ್ಧ ಮೆಟ್ಟಿಲಿಗೆ ಬಂದು ನಿಂತ. ಅದರಾಚೆ ಅವನು ಕಾಲಿಡುವಂತಿಲ್ಲ. ಕುರ್ಚಿಗಳನ್ನು ಅಲ್ಲಿಯೇ ಇಳಿಸಿ, ಇನ್ನೂ ಬೇಕಾದರೆ ಹೇಳು ಎಂದು ಗೋಡೆಗೆ ಮುಖ ಮಾಡಿ ಕೂಗಿದ. ಬಾಯಲ್ಲಿ ಪಿನ್ನು ಕಚ್ಚಿದ್ದ ಲೋಲಾಕ್ಷಿ ಓಗೊಡುವ ಸ್ಥಿತಿಯಲ್ಲಿರಲಿಲ್ಲ.